ಟಿ.ಆರ್. ನರಸಿಂಹರಾಜು

ತಿಪಟೂರು ರಾಮರಾಜು ನರಸಿಂಹರಾಜು (24 ಜುಲೈ 1923 – ಜುಲೈ 1979) ಕನ್ನಡ ಚಲನಚಿತ್ರರಂಗದ ಪ್ರಸಿದ್ಧ ಹಾಸ್ಯನಟರು, ವೃತ್ತಿರಂಗಭೂಮಿಯ ಕಲಾವಿದರು ಮತ್ತು ಚಿತ್ರನಿರ್ಮಾಪಕರು. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರದಿಂದ ಹೆಸರಾದ ಇವರು ಮುಂದಿನ ಕಾಲು ಶತಮಾನದಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಕನ್ನಡ ಪ್ರೇಕ್ಷಕರು ಇವರನ್ನು ಹಾಸ್ಯ ಚಕ್ರವರ್ತಿ ಎಂದು ಕರೆದರು. ನಾಯಕನಟ ರಾಜ್‌ಕುಮಾರ್, ಪೋಷಕನಟ ಬಾಲಕೃಷ್ಣ ಹಾಗೂ ನರಸಿಂಹರಾಜು ಒಟ್ಟಾಗಿ ಕಾಣಿಸಿಕೊಂಡ ಚಿತ್ರಗಳು 1950 ಮತ್ತು 60ರ ದಶಕಗಳ ಕನ್ನಡ ಸಿನಿಮಾದ ಮುಖ್ಯ ಭಾಗವಾಗಿವೆ. ಇವರು ತೀರಿಕೊಂಡು ನಾಲ್ಕು ದಶಕಗಳು ಕಳೆದಿದ್ದರೂ ಇವರ ಹಾಸ್ಯದೃಶ್ಯಗಳನ್ನು ಜನರು ಹುಡುಕಿ ನೋಡುತ್ತಿದ್ದಾರೆ. ಅವರ ಸಮಕಾಲೀನರಾದ ಅನೇಕ ನಾಯಕನಟರಿಗೆ ಇಂಥ ಭಾಗ್ಯ ದೊರೆತಿಲ್ಲ.

ಬಾಲ್ಯ ಮತ್ತು ವೃತ್ತಿರಂಗಭೂಮಿ

ನರಸಿಂಹರಾಜು ಇಂದಿನ ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಜನಿಸಿದರು. ತೆಂಗಿನ ವ್ಯಾಪಾರಕ್ಕೆ ಹೆಸರಾದ ಆ ಊರು ಬೆಂಗಳೂರು–ಅರಸೀಕೆರೆ ರೈಲು ಮಾರ್ಗದಲ್ಲಿದೆ. ಊರಿಂದೂರಿಗೆ ಸಂಚರಿಸುತ್ತಿದ್ದ ನಾಟಕ ಕಂಪನಿಗಳಿಗೆ ಇಂಥ ಊರುಗಳೇ ಆಸರೆಯಾಗಿದ್ದವು. ಗುಬ್ಬಿ ವೀರಣ್ಣನವರ ಗುಬ್ಬಿಯೂ ಇದೇ ಜಿಲ್ಲೆಗೆ ಸೇರಿದ್ದು, ಬಾಲಕೃಷ್ಣ ಅವರ ಹುಟ್ಟೂರಾದ ಅರಸೀಕೆರೆಯು ತಿಪಟೂರಿಗೆ ನೆರೆಯ ಊರು. ಕನ್ನಡ ಹಾಸ್ಯದ ಮೂವರು ಹಿರಿಯರು ಒಂದೇ ರೈಲು ಹಾದಿಯ ಆಸುಪಾಸಿನವರೆಂಬುದು ಕುತೂಹಲದ ಸಂಗತಿ.

ಶಾಲೆಯ ಓದು ಹತ್ತುವ ಮೊದಲೇ ನರಸಿಂಹರಾಜು ರಂಗವನ್ನು ಹತ್ತಿದರು. ಸಿ.ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯಲ್ಲಿ ಬಾಲನಟರಾಗಿ ಸೇರಿ ಪ್ರಹ್ಲಾದ, ಲೋಹಿತಾಶ್ವ ಮೊದಲಾದ ಪಾತ್ರಗಳನ್ನು ನಿರ್ವಹಿಸಿದರು. ಆ ಕಾಲದಲ್ಲಿ ಕಂಪನಿಯೇ ಹುಡುಗನಿಗೆ ಮನೆ, ಪಾಠಶಾಲೆ, ಗರಡಿ ಎಲ್ಲವೂ ಆಗಿತ್ತು. ಹಾರ್ಮೋನಿಯಂ ಶ್ರುತಿಗೆ ಹಾಡುವುದು, ಧ್ವನಿವರ್ಧಕವಿಲ್ಲದೆ ಹಿಂದಿನ ಸಾಲಿನ ನೆಲದ ಪ್ರೇಕ್ಷಕನಿಗೂ ಮಾತು ಮುಟ್ಟಿಸುವುದು, ಎದುರು ಪಾತ್ರಧಾರಿ ಮಾತು ಮರೆತರೆ ದೃಶ್ಯವನ್ನು ಕಾಪಾಡುವುದು, ಇವೆಲ್ಲ ಅಭ್ಯಾಸದಿಂದಲೇ ಬರಬೇಕಿತ್ತು. ಹದಿಹರೆಯದಲ್ಲಿ ಕಂಠ ಒಡೆದಾಗ ಬಾಲಪಾತ್ರಗಳು ಕೈಬಿಟ್ಟು ಹೋಗುವುದು ಕಂಪನಿಯ ಹುಡುಗರೆಲ್ಲರ ಪಾಡು. ಸುಂದರ ಮುಖವುಳ್ಳವರು ರಾಜಪಾತ್ರಕ್ಕೆ, ಗಟ್ಟಿಮುಟ್ಟಾದವರು ಭೀಮ, ರಾವಣರ ಪಾತ್ರಕ್ಕೆ ಹೋಗುತ್ತಿದ್ದರು. ಬಡಕಲು ಮೈಕಟ್ಟು, ಮುಂದಕ್ಕೆ ಚಾಚಿದ ಹಲ್ಲುಗಳ ನರಸಿಂಹರಾಜು ಅವರಿಗೆ ಆ ಎರಡು ದಾರಿಗಳೂ ಇರಲಿಲ್ಲ. ಅವರು ಹಿಡಿದದ್ದು ಹಾಸ್ಯದ ದಾರಿ.

ಕಂಪನಿ ನಾಟಕಗಳಲ್ಲಿ ಹಾಸ್ಯಗಾರನ ಕೆಲಸ ನಗಿಸುವುದಷ್ಟೇ ಆಗಿರಲಿಲ್ಲ. ಪರದೆಯ ಹಿಂದೆ ಅರಮನೆ ಬಿಚ್ಚಿ ಕಾಡು ಕಟ್ಟುವ ಹೊತ್ತಿನಲ್ಲಿ, ಮುಂಪರದೆಯ ಎದುರಿನ ಕಿರಿದಾದ ಜಾಗದಲ್ಲಿ ನಿಂತು ಜನರನ್ನು ಹಿಡಿದಿಡುವ ಹೊಣೆಯೂ ಅವನದೇ. ಸಿದ್ಧತೆ ತಡವಾದರೆ ದೃಶ್ಯ ಹಿಗ್ಗಬೇಕು, ಬೇಗ ಮುಗಿದರೆ ಕುಗ್ಗಬೇಕು. ರಾಜರ ಪಾತ್ರಗಳು ಗ್ರಾಂಥಿಕ ಕನ್ನಡವನ್ನಾಡುತ್ತಿದ್ದರೆ ಹಾಸ್ಯಗಾರನು ಸಂತೆಯ, ಮನೆಯಂಗಳದ ಕನ್ನಡವನ್ನಾಡುತ್ತಿದ್ದನು. ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನ ಪಾತ್ರದಿಂದ, ಕೆ. ಹಿರಣ್ಣಯ್ಯನವರು ತಮ್ಮ ನಾಟಕಗಳಿಂದ ಈ ಪರಂಪರೆಯನ್ನು ಎತ್ತರಕ್ಕೆ ಒಯ್ದಿದ್ದರು. ಹಲವು ಕಂಪನಿಗಳಲ್ಲಿ ದುಡಿದು ಗುಬ್ಬಿ ಕಂಪನಿಯನ್ನು ಸೇರಿದ ನರಸಿಂಹರಾಜು ಅವರಿಗೆ ಈ ಸಾಲಿನ ಎಲ್ಲ ಪಾಠಗಳೂ ದೊರೆತವು. ಸಿನಿಮಾಕ್ಕೆ ಬರುವ ವೇಳೆಗೆ ಅವರ ವಯಸ್ಸು ಮೂವತ್ತು. ಅಷ್ಟರಲ್ಲಿ ಅವರ ರಂಗಾನುಭವವೇ ಕಾಲು ಶತಮಾನವನ್ನು ಮುಟ್ಟಿತ್ತು.

ಚಿತ್ರರಂಗ ಪ್ರವೇಶ

ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ (1954) ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿಸಿದ ಚಿತ್ರ. ವೃತ್ತಿರಂಗಭೂಮಿಯಲ್ಲಿ ಜನಪ್ರಿಯವಾಗಿದ್ದ ನಾಟಕವೇ ಅದರ ಮೂಲ. ನರಸಿಂಹರಾಜು ಇದರಲ್ಲಿ ಕಾಶಿ ಎಂಬ ಹಾಸ್ಯಪಾತ್ರವನ್ನು ನಿರ್ವಹಿಸಿದರು. ಬೇಡನ ಮುಗ್ಧ ಭಕ್ತಿ ಒಂದು ಕಡೆ, ದೇವಾಲಯದ ಒಳಗಿನವರ ದುರಾಸೆ ಇನ್ನೊಂದು ಕಡೆ ಇರುವ ಈ ಕಥೆಯಲ್ಲಿ ಹಾಸ್ಯವು ಕಥೆಯ ಒಡಲಿಗೇ ಸೇರಿಕೊಂಡಿದೆ. ಈ ಚಿತ್ರಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ಅರ್ಹತಾಪತ್ರ ಸಂದಿತು. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮೂವರೂ ನಾಟಕ ಕಂಪನಿಗಳಿಂದ ಬಂದವರಾದ್ದರಿಂದ ಅವರ ನಡುವೆ ಮೊದಲೇ ಒಂದು ಹೊಂದಾಣಿಕೆಯಿತ್ತು. ಕ್ಯಾಮೆರಾದ ಎದುರು ಇದು ಎದ್ದು ಕಾಣುತ್ತದೆ.

ಮುಂದೆ ‘ಸೋದರಿ’, ‘ಭಕ್ತ ವಿಜಯ’, ‘ಓಹಿಲೇಶ್ವರ’, ‘ಭೂಕೈಲಾಸ’ ಹೀಗೆ ಪೌರಾಣಿಕ ಹಾಗೂ ಭಕ್ತಿಪ್ರಧಾನ ಚಿತ್ರಗಳು ಸಾಲಾಗಿ ಬಂದವು. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಸಾಮಾಜಿಕ ಚಿತ್ರಗಳಲ್ಲಿಯೂ ಅವರಿಗೆ ಸ್ಥಾನವಿದೆಯೆಂಬುದನ್ನು ತೋರಿತು. ನಿರ್ಮಾಪಕರು ನಾಯಕನಿಗಿಂತ ಮೊದಲು ನರಸಿಂಹರಾಜು ಅವರ ದಿನಾಂಕಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಇದರಲ್ಲಿ ಉತ್ಪ್ರೇಕ್ಷೆಯಿದ್ದರೂ ಆಶ್ಚರ್ಯವಿಲ್ಲ. ಆದರೆ ಆ ಎರಡು ದಶಕಗಳ ಚಿತ್ರಗಳ ಪಾತ್ರವರ್ಗವನ್ನು ನೋಡಿದರೆ ಅವರ ಹೆಸರಿಲ್ಲದ ಪಟ್ಟಿಗಳೇ ವಿರಳ.

ಕಲಾವಿದರ ಸಂಘ ಮತ್ತು ‘ರಣಧೀರ ಕಂಠೀರವ’

1950ರ ದಶಕದಲ್ಲಿ ಕನ್ನಡ ಚಿತ್ರಗಳ ನಿರ್ಮಾಣ ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲಿ ನಡೆಯುತ್ತಿತ್ತು. ತಮಿಳು, ತೆಲುಗು ಚಿತ್ರಗಳ ಮಾರುಕಟ್ಟೆ ದೊಡ್ಡದು, ಕನ್ನಡದ್ದು ಚಿಕ್ಕದು. ಸ್ಟುಡಿಯೊದ ವೇಳೆ, ಬಂಡವಾಳ, ಚಿತ್ರಮಂದಿರ ಎಲ್ಲವೂ ಕನ್ನಡಕ್ಕೆ ಕೊನೆಯಲ್ಲಿ ದೊರೆಯುತ್ತಿದ್ದವು. ದಶಕದ ಕೊನೆಯ ವೇಳೆಗೆ ನಿರ್ಮಾಣ ಕುಂಠಿತಗೊಂಡು ಕಲಾವಿದರಿಗೆ ಕೆಲಸವಿಲ್ಲದಂತಾಯಿತು. ನಾಟಕ ಬಿಟ್ಟು ಬಂದವರಿಗೆ ಸಿನಿಮಾವೂ ಕೈಕೊಟ್ಟರೆ ಹಿಂದಿರುಗಲು ಬೇರೆ ನೆಲೆಯಿರಲಿಲ್ಲ.

ಆಗ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಸಿನಿಮಾದಲ್ಲಿ ಹೆಸರಾಗಿದ್ದ ಈ ನಟರು ಮತ್ತೆ ಬಣ್ಣ ಹಚ್ಚಿ, ನಾಡಿನ ಊರೂರುಗಳಲ್ಲಿ ನಾಟಕವಾಡಿ ಹಣ ಕೂಡಿಸಿದರು. ತೆರೆಯ ಮೇಲೆ ಕಂಡ ಮುಖಗಳನ್ನು ರಂಗದ ಮೇಲೆ ನೋಡಲು ಜನ ಸೇರಿದರು. ಆ ಪ್ರಯತ್ನದ ಫಲವೇ ಎನ್.ಸಿ. ರಾಜನ್ ನಿರ್ದೇಶಿಸಿದ ‘ರಣಧೀರ ಕಂಠೀರವ’ (1960). ಹದಿನೇಳನೆಯ ಶತಮಾನದ ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರ ಕಥೆಯಿದು. ಕನ್ನಡ ನಾಡಿನದೇ ಚರಿತ್ರೆಯ ವಸ್ತುವನ್ನು ದೊಡ್ಡ ಪ್ರಮಾಣದಲ್ಲಿ ತೆರೆಗೆ ತಂದ ಆರಂಭದ ಚಿತ್ರಗಳಲ್ಲಿ ಇದು ಗಣ್ಯವಾದುದು. ನರಸಿಂಹರಾಜು ಅವರನ್ನು ಬರಿಯ ಹಾಸ್ಯನಟರೆಂದು ಬರೆದು ಮುಗಿಸುವವರು ಈ ಅಧ್ಯಾಯವನ್ನು ಮರೆಯುತ್ತಾರೆ. ಜನರನ್ನು ನಗಿಸಿ ಗಳಿಸಿದ ಪ್ರೀತಿಯನ್ನು ಅವರು ಒಂದು ಭಾಷೆಯ ಚಿತ್ರರಂಗವನ್ನು ನಿಲ್ಲಿಸಲು ಬಳಸಿದರು. ಕರ್ನಾಟಕದ ನೆಲದಲ್ಲಿಯೇ ಚಿತ್ರೀಕರಣದ ಸೌಲಭ್ಯಗಳು ಬೆಳೆಯಲು ಇನ್ನೂ ಕಾಲ ಬೇಕಾಯಿತು. ಉತ್ತರ ಬೆಂಗಳೂರಿನ ಯಶವಂತಪುರಕ್ಕೆ ಸಮೀಪದ ಕಂಠೀರವ ಸ್ಟುಡಿಯೊ ಸ್ಥಾಪನೆಯಾದದ್ದು 1966ರಲ್ಲಿ.

ನಕ್ಷತ್ರಿಕನ ಪಾತ್ರ

ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ (1965) ನರಸಿಂಹರಾಜು ಅವರ ಅಭಿನಯದ ಶಿಖರವೆಂದು ಹೇಳಬಹುದು. ರಾಜ್‌ಕುಮಾರ್ ಹರಿಶ್ಚಂದ್ರನಾಗಿ, ಪಂಢರಿಬಾಯಿ ಚಂದ್ರಮತಿಯಾಗಿ, ಉದಯಕುಮಾರ್ ವಿಶ್ವಾಮಿತ್ರನಾಗಿ, ಎಂ.ಪಿ. ಶಂಕರ್ ವೀರಬಾಹುವಾಗಿ ಕಾಣಿಸಿಕೊಂಡ ಈ ಚಿತ್ರದಲ್ಲಿ ನರಸಿಂಹರಾಜು ಅವರದು ನಕ್ಷತ್ರಿಕನ ಪಾತ್ರ. ಬಾಲ್ಯದಲ್ಲಿ ಲೋಹಿತಾಶ್ವನಾಗಿ ನಿಂತ ಕಥೆಗೆ ಅವರು ಸಾಲ ವಸೂಲಿಗಾರನಾಗಿ ಮರಳಿ ಬಂದಿದ್ದರು.

ನಕ್ಷತ್ರಿಕನು ಕನ್ನಡಿಗರಿಗೆ ರಾಘವಾಂಕನ ಹರಿಶ್ಚಂದ್ರ ಕಾವ್ಯದಿಂದಲೇ ಪರಿಚಿತ. ರಾಜ್ಯವನ್ನೆಲ್ಲ ಧಾರೆಯೆರೆದು ಕಾಶಿಗೆ ಹೊರಟ ಅರಸನ ಬೆನ್ನಿಗೆ ಬಿದ್ದು, ಉಳಿದ ಹಣವನ್ನು ಗಡುವಿನೊಳಗೆ ವಸೂಲು ಮಾಡಲು ವಿಶ್ವಾಮಿತ್ರನು ಕಳುಹಿಸಿದ ಶಿಷ್ಯ ಇವನು. ಬಿಡದೆ ಕಾಡುವ ಸಾಲಗಾರನನ್ನು ನಕ್ಷತ್ರಿಕನೆಂದು ಕರೆಯುವ ರೂಢಿ ಕನ್ನಡದ ಆಡುಮಾತಿನಲ್ಲಿದೆ. ಕಥೆಯಲ್ಲಿ ಇವನು ಕ್ರೂರಿ. ಹಸಿವು, ಬಾಯಾರಿಕೆ, ಕಾಲುನೋವುಗಳ ನೆಪ ಹೂಡಿ, ನಿಜವಾಗಿಯೂ ಹಸಿದು ನಡೆಯುತ್ತಿರುವ ರಾಜದಂಪತಿಗಳನ್ನು ಪೀಡಿಸುವವನು. ಇಂಥವನು ನಗೆ ಬರಿಸಬೇಕು. ಆದರೆ ಆ ನಗೆ ಹರಿಶ್ಚಂದ್ರನ ದುಃಖವನ್ನು ಹಗುರ ಮಾಡಬಾರದು. ಇದು ಬಹು ಸೂಕ್ಷ್ಮವಾದ ಕೆಲಸ. ನರಸಿಂಹರಾಜು ಅವರ ನಕ್ಷತ್ರಿಕನು ತಾನೇ ಎಲ್ಲರಿಗಿಂತ ಹೆಚ್ಚು ನೊಂದವನೆಂದು ಪೂರ್ಣವಾಗಿ ನಂಬಿರುವಂತೆ ವರ್ತಿಸುತ್ತಾನೆ. ಪ್ರೇಕ್ಷಕರು ಅವನನ್ನು ನೋಡಿ ನಗುತ್ತಾರೆ, ನಕ್ಕ ಕೂಡಲೇ ಅವನ ಮೇಲೆ ಸಿಟ್ಟಾಗುತ್ತಾರೆ, ಆ ಸಿಟ್ಟು ಹರಿಶ್ಚಂದ್ರನ ಮೇಲಿನ ಕನಿಕರವನ್ನು ಹೆಚ್ಚಿಸುತ್ತದೆ. ಎದುರಿಗೆ ರಾಜ್‌ಕುಮಾರ್ ಅವರ ಗಂಭೀರ ಮೌನವಿರುವುದರಿಂದ ಇವರ ಚಡಪಡಿಕೆಗೆ ಇನ್ನಷ್ಟು ಮೊನಚು ಬಂದಿದೆ. ಚಿತ್ರವನ್ನು ಇಂದು ನೋಡುವ ವಿದ್ಯಾರ್ಥಿಗಳು ಮಾತಿನ ಜೊತೆಗೆ ಮಾತುಗಳ ನಡುವಿನ ನಿಲುಗಡೆಯನ್ನೂ ಗಮನಿಸಬೇಕು. ಆ ಲೆಕ್ಕಾಚಾರ ಮುಂಪರದೆಯ ಎದುರು ಕಲಿತದ್ದು.

ಅಭಿನಯ ಶೈಲಿ

ನರಸಿಂಹರಾಜು ಅವರ ಮೈಕಟ್ಟು ಮತ್ತು ಹಲ್ಲುಗಳೇ ಅವರ ಹಾಸ್ಯದ ಬಂಡವಾಳವೆಂದು ಹೇಳುವುದು ರೂಢಿ. ಇದು ಅರ್ಧ ಸತ್ಯ. ಅಂಥ ರೂಪದ ನಟರು ಬೇರೆಯವರೂ ಇದ್ದರು. ಕೆಲವು ಚಿತ್ರಗಳ ನಂತರ ಜನಕ್ಕೆ ರೂಪ ಹಳತಾಗುತ್ತದೆ. ಇವರು ತಮ್ಮ ರೂಪವನ್ನು ಮರೆತು ನಡೆಯುವ ಪಾತ್ರಗಳನ್ನು ಸೃಷ್ಟಿಸಿದರು. ಅವರ ಅಂಜುಬುರುಕ ತನ್ನನ್ನು ಧೀರನೆಂದು ಬಗೆದಿರುತ್ತಾನೆ, ಪೆದ್ದ ತನ್ನನ್ನು ಪಂಡಿತನೆಂದು ತಿಳಿದಿರುತ್ತಾನೆ, ಹೆಂಡತಿಗೆ ಹೆದರುವವನು ಬೀದಿಯಲ್ಲಿ ಎದೆ ಸೆಟೆಸಿ ನಡೆಯುತ್ತಾನೆ. ಚಾರ್ಲಿ ಚಾಪ್ಲಿನ್ ಅವರೊಡನೆ ಇವರನ್ನು ಹೋಲಿಸುವುದುಂಟು. ದೇಹಭಾಷೆಯ ಮಟ್ಟಿಗೆ ಹೋಲಿಕೆ ಒಪ್ಪತಕ್ಕದ್ದೇ. ಆದರೆ ಚಾಪ್ಲಿನ್ ಅವರ ಹಾಸ್ಯಕ್ಕೆ ಮಾತು ಬೇಕಿರಲಿಲ್ಲ, ನರಸಿಂಹರಾಜು ಅವರ ಹಾಸ್ಯದಲ್ಲಿ ಅರ್ಧದಷ್ಟು ಕನ್ನಡದ ಉಚ್ಚಾರ, ರಾಗ, ಒತ್ತುಗಳಲ್ಲಿಯೇ ಇದೆ. ಗ್ರಾಂಥಿಕ ವಾಕ್ಯವೊಂದನ್ನು ಠೀವಿಯಿಂದ ಆರಂಭಿಸಿ, ನಡುವೆ ತಡವರಿಸಿ, ಮನೆಮಾತಿಗೆ ಜಾರುವುದು ಅವರ ನೆಚ್ಚಿನ ಕ್ರಮ. ಪೌರಾಣಿಕ ಚಿತ್ರಗಳ ಭಾಷೆಯನ್ನು ಕೇಳಿ ಬೆಳೆದ ಪ್ರೇಕ್ಷಕರಿಗೆ ಈ ಜಾರುವಿಕೆಯೇ ಕಚಗುಳಿ.

ದ್ವಂದ್ವಾರ್ಥದ ಮಾತುಗಳನ್ನು ನೆಚ್ಚದೆ ನಗಿಸಿದ್ದರಿಂದ ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ನಟರೆಂಬ ಹೆಸರು ಅವರಿಗೆ ಬಂತು. ಹಾಸ್ಯನಟಿ ಬಿ. ಜಯ ಅವರೊಡನೆಯ ದೃಶ್ಯಗಳೂ, ಬಾಲಕೃಷ್ಣ ಅವರೊಡನೆಯ ಜುಗಲ್ಬಂದಿಯೂ ಜನಪ್ರಿಯ. ಬಾಲಕೃಷ್ಣ ಅವರಿಗೆ ಕಿವಿ ಮಂದವಾಗಿತ್ತು. ಎದುರಿನವರ ತುಟಿಗಳ ಚಲನೆಯನ್ನು ನೋಡಿ ಮಾತು ಹೊಂದಿಸುತ್ತಿದ್ದರು. ಹೀಗಿದ್ದೂ ಇವರಿಬ್ಬರ ಸಂಭಾಷಣೆಯಲ್ಲಿ ತಾಳ ತಪ್ಪಿದ ಅನುಭವವಾಗುವುದಿಲ್ಲ. ಕುಟಿಲತೆ ಬಾಲಕೃಷ್ಣ ಅವರ ಕಡೆಗೆ, ಮುಗ್ಧತೆ ನರಸಿಂಹರಾಜು ಅವರ ಕಡೆಗೆ ಎಂಬಂತೆ ಪಾತ್ರಗಳು ಹಂಚಿಕೆಯಾಗುತ್ತಿದ್ದವು.

ಎಲ್ಲ ಚಿತ್ರಗಳೂ ಒಂದೇ ಮಟ್ಟದವೆಂದು ಹೇಳಲಾಗದು. ಮುಖ್ಯ ಕಥೆಗೆ ಸಂಬಂಧವಿಲ್ಲದ ಹಾಸ್ಯದ ಎಳೆಯೊಂದನ್ನು ಹೊಲಿದು ಸೇರಿಸುವ ಪದ್ಧತಿ ಆಗ ಬೆಳೆದಿತ್ತು. ಅಂಥ ಎಡೆಗಳಲ್ಲಿ ಅದೇ ಅತ್ತೆ, ಅದೇ ಪೆದ್ದ ಅಳಿಯ, ಅದೇ ಪಲಾಯನ ಮರುಕಳಿಸುತ್ತವೆ. ವರ್ಷಕ್ಕೆ ಹಲವಾರು ಚಿತ್ರಗಳಲ್ಲಿ ದುಡಿಯುತ್ತಿದ್ದ ನಟನೊಬ್ಬನಿಗೆ ಪ್ರತಿಯೊಂದನ್ನೂ ಹೊಸದಾಗಿಸುವುದು ಅಸಾಧ್ಯವೇ ಸರಿ.

1960ರ ದಶಕದ ಉತ್ತರಾರ್ಧ ಮತ್ತು ನಿರ್ಮಾಣ

ಪೌರಾಣಿಕ ಚಿತ್ರಗಳ ಭರಾಟೆ ಇಳಿದಾಗ ಆ ಮಾದರಿಗೆ ಒಗ್ಗಿದ್ದ ಅನೇಕ ನಟರು ಹಿಂದೆ ಸರಿದರು. ನರಸಿಂಹರಾಜು ಕಾಲಕ್ಕೆ ಹೊಂದಿಕೊಂಡರು. ‘ನಕ್ಕರೆ ಅದೇ ಸ್ವರ್ಗ’ (1967) ಹೆಸರಿನಿಂದಲೇ ಹಾಸ್ಯವನ್ನು ಮುಂದಿಟ್ಟ ಚಿತ್ರ. ಎಂ. ರಂಗರಾವ್ ಸಂಗೀತದ ಈ ಚಿತ್ರದಿಂದಲೇ ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಕನ್ನಡಕ್ಕೆ ಪರಿಚಯವಾದರು. ದೊರೆ–ಭಗವಾನ್ ಜೋಡಿಯ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ (ಎರಡೂ 1968) ಪತ್ತೇದಾರಿ ಚಿತ್ರಗಳಲ್ಲಿಯೂ ಅವರಿದ್ದಾರೆ. ಪಂಚೆ, ಜುಟ್ಟುಗಳ ಲೋಕದಿಂದ ಸೂಟು, ಪಿಸ್ತೂಲುಗಳ ಲೋಕಕ್ಕೆ ಬಂದರೂ ಅಂಜಿಕೆಯನ್ನು ಧೈರ್ಯವೆಂದು ತೋರಿಸುವ ಅವರ ಹಳೆಯ ಪಾತ್ರ ಅಲ್ಲಿಯೂ ಕೆಲಸಕ್ಕೆ ಬಂದಿತು. ಬಿ.ಆರ್. ಪಂತುಲು ಅವರ ವರ್ಣಚಿತ್ರ ‘ಶ್ರೀ ಕೃಷ್ಣದೇವರಾಯ’ದಲ್ಲಿ (1970) ತೆನಾಲಿ ರಾಮಕೃಷ್ಣನ ಪಾತ್ರ ಅವರದಾಯಿತು.

1974ರಲ್ಲಿ ಅವರು ‘ಪ್ರೊಫೆಸರ್ ಹುಚ್ಚೂರಾಯ’ ಚಿತ್ರವನ್ನು ತಾವೇ ನಿರ್ಮಿಸಿ ಮುಖ್ಯ ಪಾತ್ರದಲ್ಲಿ ನಟಿಸಿದರು. ಗೀತಪ್ರಿಯ ನಿರ್ದೇಶನ, ರಾಜನ್–ನಾಗೇಂದ್ರ ಸಂಗೀತದ ಈ ಚಿತ್ರದಲ್ಲಿ ಆಗಿನ್ನೂ ಹೊಸಬರಾಗಿದ್ದ ವಿಷ್ಣುವರ್ಧನ್ ಅವರೂ ಇದ್ದರು. ಇಪ್ಪತ್ತು ವರ್ಷಗಳ ಕಾಲ ನಾಯಕನ ಪಕ್ಕದಲ್ಲಿ ನಿಂತವರು ಕಥೆಯ ಮಧ್ಯಕ್ಕೆ ಬಂದದ್ದು ಸ್ವಂತ ಹಣ ಹೂಡಿದಾಗ ಎಂಬುದು ಆ ಕಾಲದ ಚಿತ್ರರಂಗವು ಹಾಸ್ಯನಟನನ್ನು ಎಲ್ಲಿ ಇರಿಸಿತ್ತೆಂಬುದನ್ನು ತೋರಿಸುತ್ತದೆ. ಇದೇ ವೇಳೆಗೆ ದ್ವಾರಕೀಶ್ ನಟರಾಗಿ, ನಿರ್ಮಾಪಕರಾಗಿ ಬೆಳೆಯುತ್ತಿದ್ದರು. ಹಾಸ್ಯದ ಗತಿ ಬದಲಾಗುತ್ತಿತ್ತು.

ನಿಧನ ಮತ್ತು ಕುಟುಂಬ

ನರಸಿಂಹರಾಜು 1979ರ ಜುಲೈ ತಿಂಗಳಲ್ಲಿ, 56 ವರ್ಷ ತುಂಬಲು ಕೆಲವೇ ದಿನಗಳಿರುವಾಗ ನಿಧನರಾದರು. ಅವರ ಪುತ್ರಿ ಸುಧಾ ನರಸಿಂಹರಾಜು ಕನ್ನಡ ಕಿರುತೆರೆ ಹಾಗೂ ಚಲನಚಿತ್ರಗಳ ಕಲಾವಿದೆ.

ಅಳಿಯದ ಜನಪ್ರಿಯತೆ

ಪ್ರಾದೇಶಿಕ ಭಾಷೆಯೊಂದರ ಸಿನಿಮಾವನ್ನು ಅದರ ಹಾಸ್ಯವೇ ಕಾಪಾಡಿದ ಉದಾಹರಣೆ ಹಾಂಗ್‌ಕಾಂಗ್‌ನಲ್ಲಿಯೂ ಇದೆ. ಅಲ್ಲಿಯ ಜನರ ಆಡುಮಾತು ಕ್ಯಾಂಟನೀಸ್. ಅದರ ಹಳೆಯ ಹಾಸ್ಯಚಿತ್ರಗಳ ತಾರೆಗಳು ಕ್ಯಾಂಟನೀಸ್ ಗೀತನಾಟಕಗಳ ವಿದೂಷಕ ಪಾತ್ರಗಳಿಂದ ಬಂದವರು. ಲ್ಯುಂಗ್ ಸಿಂಗ್ ಪೋ ಅವರಲ್ಲಿ ಪ್ರಮುಖರು. ನಮ್ಮ ಕಂಪನಿ ನಾಟಕದ ಹಾಸ್ಯಗಾರನಿಗೂ ಆ ವಿದೂಷಕನಿಗೂ ಹೋಲಿಕೆ ಸಾಕಷ್ಟಿದೆ. ದೊಡ್ಡ ಸ್ಟುಡಿಯೊಗಳು ಮ್ಯಾಂಡರಿನ್ ಭಾಷೆಯ ಚಿತ್ರಗಳಿಗೆ ಒಲಿದ ಮೇಲೆ ಕ್ಯಾಂಟನೀಸ್ ಚಿತ್ರಗಳು 1970ರ ದಶಕದ ಆರಂಭದಲ್ಲಿ ನಿಂತೇಹೋಗುವ ಸ್ಥಿತಿಗೆ ಬಂದವು. ಬಾಡಿಗೆ ವಠಾರವೊಂದರ ಬಡವರ ಜಗಳ, ಜಾಣತನಗಳನ್ನು ಚಿತ್ರಿಸಿದ ‘ದಿ ಹೌಸ್ ಆಫ್ 72 ಟೆನೆಂಟ್ಸ್’ (1973) ಎಂಬ ಹಾಸ್ಯಚಿತ್ರದ ಭಾರಿ ಯಶಸ್ಸು ಆ ಭಾಷೆಯನ್ನು ತೆರೆಗೆ ಮರಳಿ ತಂದಿತು. ಮರುವರ್ಷ, ಅಂದರೆ ‘ಪ್ರೊಫೆಸರ್ ಹುಚ್ಚೂರಾಯ’ ಬಂದ 1974ರಲ್ಲಿಯೇ, ಮೈಕೆಲ್ ಹುಯಿ ಅವರ ‘ಗೇಮ್ಸ್ ಗ್ಯಾಂಬ್ಲರ್ಸ್ ಪ್ಲೇ’ ಆ ಯಶಸ್ಸನ್ನು ಮುಂದುವರಿಸಿತು. ಸ್ಟೀಫನ್ ಚೌ ಅವರ ‘ಕುಂಗ್ ಫು ಹಸಲ್’ (2004) ಚಿತ್ರದ ವಠಾರದಲ್ಲಿ ಆ ಹಳೆಯ ಚಿತ್ರದ ನೆನಪು ಸ್ಪಷ್ಟವಾಗಿ ಕಾಣುತ್ತದೆ. ತಮ್ಮ ಬೀದಿಯ ಮಾತನ್ನೇ ತೆರೆಯ ಮೇಲೆ ಕೇಳುವ ಸುಖವನ್ನು ಬೇರೆ ಭಾಷೆಯ ವೈಭವದ ಚಿತ್ರಗಳು ಕೊಡಲಾರದೆ ಹೋದವು. ಕನ್ನಡ ಪ್ರೇಕ್ಷಕರು ನರಸಿಂಹರಾಜು ಅವರಲ್ಲಿ ಕಂಡದ್ದೂ ಇಂಥದೇ ಸುಖ.

ಎರಡು ಕಡೆಗಳಿಗೆ ವ್ಯತ್ಯಾಸವೂ ಇದೆ. ಹಾಂಗ್‌ಕಾಂಗ್‌ನಲ್ಲಿ ಹಾಸ್ಯನಟರೇ ನಿರ್ದೇಶಕರೂ ನಾಯಕರೂ ಆಗಿ ಬೆಳೆದರು. ನರಸಿಂಹರಾಜು ಅವರ ಕೆಲಸ ಬಹುಪಾಲು ಬೇರೆಯವರ ಕಥೆಗಳೊಳಗೆ ಚದುರಿಹೋಗಿದೆ. ಅವರನ್ನು ಅರಿಯಬೇಕಾದರೆ ಹತ್ತಾರು ಚಿತ್ರಗಳಿಂದ ದೃಶ್ಯಗಳನ್ನು ಆಯ್ದುಕೊಳ್ಳಬೇಕಾಗುತ್ತದೆ. ಅಭಿಮಾನಿಗಳು ಮಾಡುತ್ತಿರುವುದೂ ಇದನ್ನೇ. ದೂರದರ್ಶನ ಮತ್ತು ಖಾಸಗಿ ವಾಹಿನಿಗಳ ಮೂಲಕ ಮನೆಗಳನ್ನು ತಲುಪಿದ ಈ ತುಣುಕುಗಳು ಈಗ ಅಂತರಜಾಲದಲ್ಲಿ ಸುಲಭವಾಗಿ ದೊರೆಯುತ್ತವೆ. ಚಿತ್ರಮಂದಿರದಲ್ಲಿ ನರಸಿಂಹರಾಜು ಅವರನ್ನು ಒಮ್ಮೆಯೂ ನೋಡಿರದ ತಲೆಮಾರು ಅವರ ನಡಿಗೆಯನ್ನು ಗುರುತಿಸಬಲ್ಲದು. ಆದರೆ ತುಣುಕುಗಳಿಗಷ್ಟೇ ತೃಪ್ತರಾದರೆ, ಹರಿಶ್ಚಂದ್ರನ ದುಃಖವಿಲ್ಲದೆ ನಕ್ಷತ್ರಿಕನನ್ನು ನೋಡಿದಂತಾಗುತ್ತದೆ. ಕಪ್ಪುಬಿಳುಪಿನ ‘ಸತ್ಯ ಹರಿಶ್ಚಂದ್ರ’ವನ್ನು ಡಿಜಿಟಲ್ ತಂತ್ರದಿಂದ ವರ್ಣಕ್ಕೆ ಪರಿವರ್ತಿಸಿ 2008ರಲ್ಲಿ ಮತ್ತೆ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಲಾಯಿತು. ಮೊದಲ ಪ್ರದರ್ಶನಕ್ಕೆ 43 ವರ್ಷಗಳಾದ ಮೇಲೆ, ನರಸಿಂಹರಾಜು ನಿಧನರಾಗಿ 29 ವರ್ಷಗಳು ಕಳೆಯುವ ಹೊತ್ತಿಗೆ, ನಕ್ಷತ್ರಿಕನು ಬಣ್ಣದಲ್ಲಿ ಹರಿಶ್ಚಂದ್ರನ ಬೆನ್ನು ಹತ್ತಿ ಹೊರಟನು.